ರಕ್ಕಸಗಿ-ತಂಗಡಗಿ ಕಾಳಗದಲ್ಲಿ ರಾಮರಾಯನನ್ನು ಸೋಲಿಸಿದ್ದು ದ್ರೋಹವೇ?

ತಾಳಿಕೋಟೆ ಯುದ್ಧವೆಂದೂ ಕರೆಯುವ, ದಖ್ಖನಿನ ಸುಲ್ತಾನರ ವಿರುದ್ಧದ 1565ರ ಈ ಯುದ್ಧದಲ್ಲಿ ವಿಜಯನಗರದ ಆಡಳಿತ ನಡೆಸುತ್ತಿದ್ದ ಅಳಿಯ ರಾಮರಾಯ ಸೋತದ್ದು, ಅವನ ಸೈನ್ಯದಲ್ಲೇ ಇದ್ದು ಕಾಳಗದ ನಡುವೆ ಸುಲ್ತಾನರ ಕಡೆ ಸೇರಿದರೆನ್ನುವ ಮುಸ್ಲಿಂ ದಂಡನಾಯಕರಾದ ಗಿಲಾನಿ ಸಹೋದರರ ದ್ರೋಹದಿಂದಲೋ ಅಥವಾ ಅವನೇ ಅಸಮರ್ಥ ದಂಡನಾಯಕನಾಗಿದ್ದನೋ ಎಂದು ಕೇಳಿದ್ದೀರಿ. ನಾನು ಮುದ್ದೇಬಿಹಾಳ ತಾಲ್ಲೂಕಿನವನು. ಈ ವಾದವನ್ನು ಕೇಳುತ್ತಲೇ ಬೆಳೆದಿದ್ದೇನೆ, ಮತ್ತು ನಮ್ಮ ಕಡೆ ದ್ರೋಹದ ಮಾತಿಗೇ ತೂಕ ಹೆಚ್ಚು. ಆದರೆ ರಾಮರಾಯ ಎಡವಿದ್ದು ಕಾಳಗಕ್ಕೂ ಮೊದಲು, ಹೊಳೆಯ ದಂಡೆಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಕೃಷ್ಣೆಯನ್ನು ದಾಟಬಹುದಾದ ಜಾಗವನ್ನು ವಿಜಯನಗರದ ಸೈನ್ಯ ದಕ್ಷಿಣ ದಂಡೆಯಲ್ಲಿ ತೋಪುಗಳನ್ನಿಟ್ಟು ಕಾಯುತ್ತಿತ್ತು. ಸುಲ್ತಾನರು ಬೇರೆ ದಾರಿ ಹುಡುಕುವವರಂತೆ ಕೆಲವು ದಿನ ದಂಡೆಗುಂಟ ನಡೆದರು. ಆಚೆ ದಂಡೆಯ ವಿಜಯನಗರದವರೂ ಅವರಿಗೆ ಸರಿಸಮನಾಗಿ ಸಾಗಿ ಮೊದಲಿನ ನೆಲೆಯನ್ನು ತೆರವು ಮಾಡಿದರು. ಆಗ ಸುಲ್ತಾನರ ದಂಡು ಥಟ್ಟನೆ ಹಿಂದಿರುಗಿ ಅಲ್ಲಿಯೇ ಹೊಳೆ ದಾಟಿತು ಎಂದು ಮುಂದೆ ವಿಜಯಪುರದ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫಿರಿಷ್ತಾ ದಾಖಲಿಸಿದ್ದಾನೆ. ತಂಗಡಗಿಯ ನೀಲಾಂಬಿಕೆಯ ಗುಡಿಯ ಬಳಿ ನಿಂತರೆ, ಆಲಮಟ್ಟಿ ಮತ್ತು ನಾರಾಯಣಪುರ ಅಣೆಕಟ್ಟುಗಳ ನಡುವೆ ಸಿಕ್ಕ ಇಂದಿನ ನೀರನ್ನು ನೋಡಿ ಅಂದಿನ ಹೊಳೆಯನ್ನು ಊಹಿಸಿಕೊಳ್ಳುವುದು ಕಷ್ಟ. ಆದರೆ ಯುದ್ಧ ನಡೆದದ್ದು ಜನವರಿಯಲ್ಲಿ, ಹೊಳೆ ಇಳಿದಿರುವ ಕಾಲದಲ್ಲಿ. ಆ ಜಾಗದಲ್ಲಿ ಒಂದು ಬಲವಾದ ತುಕಡಿಯನ್ನಾದರೂ ಬಿಟ್ಟು ಹೋಗಬೇಕೆಂಬುದು ಅನುಭವಿ ದಂಡನಾಯಕನಿಗೆ ಹೊಳೆಯದೆ ಹೋದದ್ದೇ ಆಶ್ಚರ್ಯ.

ದ್ರೋಹದ ಕಥೆ ನಮಗೆ ಬಂದದ್ದು ಯುದ್ಧ ಮುಗಿದು ಎರಡು ವರ್ಷಗಳ ಮೇಲೆ ಹಂಪಿಗೆ ಬಂದ ವೆನಿಸ್‌ನ ವರ್ತಕ ಸೀಸರ್ ಫ್ರೆಡರಿಕ್‌ನಿಂದ. ಸೋತ ಊರಿನ ಜನ ಹೇಳಿದ್ದನ್ನು ಅವನು ಬರೆದುಕೊಂಡಿರಬೇಕು. ಅದು ಪೂರ್ತಿ ನಿಜವೆಂದೇ ಇಟ್ಟುಕೊಂಡರೂ ಹೊಳೆಯ ದಂಡೆಯ ತಪ್ಪು ಅಳಿಸಿಹೋಗುವುದಿಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು: ಇಡೀ ಸೈನ್ಯ ಒಬ್ಬ ಮುದುಕನ ದೇಹವನ್ನು ನಂಬಿ ನಿಂತಿತ್ತು. ರಾಮರಾಯ ಸಿಂಹಾಸನದ ಮೇಲೆ ಕುಳಿತು, ಸೈನಿಕರಿಗೆ ಹಂಚಲು ಹಣದ ರಾಶಿ ಹಾಕಿಸಿದ್ದನಂತೆ. ಎದುರಿನವರು ತೋಪುಗಳಿಗೆ ತಾಮ್ರದ ದುಡ್ಡು ತುಂಬಿ ಹಾರಿಸಿದರು. ಆನೆಯೊಂದು ನುಗ್ಗಿದಾಗ, ಅವನು ಮತ್ತೆ ಏರಿದ್ದ ಪಲ್ಲಕ್ಕಿಯನ್ನು ಹೊತ್ತವರು ಓಡಿದರು, ಅವನು ಸೆರೆಸಿಕ್ಕ, ಅಹಮದ್‌ನಗರದ ಸುಲ್ತಾನ ಹುಸೇನ್ ನಿಜಾಮ್ ಶಾಹ ತಲೆ ತೆಗೆಸಿದ, ಆ ತಲೆಯನ್ನು ಕಂಡ ಸೈನ್ಯ ಚದುರಿತು. (ವಿಜಯಪುರದ ಬುರುಜಿನ ಮೇಲಿರುವ, ಆನೆಯನ್ನು ನುಂಗುವ ಸಿಂಹದ ಬಾಯಿಯ ಮಲಿಕ್-ಎ-ಮೈದಾನ್ ತೋಪೂ ಅಂದು ಗುಡುಗಿತ್ತೆಂದು ಊರಿನಲ್ಲಿ ಹೇಳುತ್ತಾರೆ. ಅದು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು ನಿಜ. ಸುಮಾರು 55 ಟನ್ ತೂಕದ ಅದನ್ನು ಹೊಳೆ ದಾಟಿಸಿದ್ದರೆಂದು ನಂಬಲು ನನಗಂತೂ ಮನಸ್ಸು ಬರುವುದಿಲ್ಲ.)

ರಾಮರಾಯನ ತಮ್ಮ ತಿರುಮಲ ಜೀವಂತ ಹಿಂದಿರುಗಿದ್ದ. ಹಂಪಿಗೆ ಭದ್ರವಾದ ಕೋಟೆಯಿತ್ತು. ಆದರೂ ಅವನು ಭಂಡಾರವನ್ನು ಆನೆಗಳ ಮೇಲೆ ಹೇರಿಕೊಂಡು, ಹೆಸರಿಗಷ್ಟೇ ಅರಸನಾಗಿದ್ದ ಸದಾಶಿವರಾಯನನ್ನು ಕರೆದುಕೊಂಡು ಪೆನುಕೊಂಡೆಗೆ ಹೊರಟುಹೋದ. ವಂಶವನ್ನು ಉಳಿಸಿದನೆಂದು ಅವನನ್ನು ಸಮರ್ಥಿಸುವವರಿದ್ದಾರೆ. ಆದರೆ ರಾಮರಾಯನಿಗೆ ಏನಾದರೂ ಆದರೆ ಕೋಟೆಯ ಬಾಗಿಲು ಹಾಕಿ ನಿಲ್ಲಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಹೊರಡುವ ಮೊದಲು ಅಣ್ಣನೂ ಎತ್ತಿದಂತಿಲ್ಲ, ತಮ್ಮನೂ ಕೇಳಿದಂತಿಲ್ಲ.