ಸಂಪಾದಕರ ಉತ್ತರ: ಸೆರಗಿನ ಗಂಟು

ದೊಡ್ಡಬಳ್ಳಾಪುರದ ಓದುಗರೊಬ್ಬರು ಬರೆದಿದ್ದಾರೆ: "ಮಗ ವಿಮಾನ ರಿಪೇರಿ ಮಾಡುವ ಕಡೆ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಮೊನ್ನೆ ಎಂಜಿನ್ ಎಣ್ಣೆ ನೋಡುತ್ತಿದ್ದಾಗ ಯಾರೋ ಕರೆದರಂತೆ, ಹೋದ. ವಾಪಸ್ ಬಂದವನು ಮುಚ್ಚಳ ಹಾಕುವುದನ್ನೇ ಮರೆತ. ಹಿರಿಯರು ನೋಡಿದ್ದರಿಂದ ಬಚಾವಾದ. ದಿನಾ ಒಂದೆಲಗ ಕೊಡುತ್ತಿದ್ದೇವೆ. ನೆನಪಿನ ಶಕ್ತಿ ಹೆಚ್ಚಲು ಇನ್ನೇನು ಮಾಡಿಸಲಿ?"

ಒಂದೆಲಗದ ತಂಬುಳಿ ಒಳ್ಳೆಯದೇ, ಕೊಡಿ. ರಾತ್ರಿ ಪಾಳಿ ಇದ್ದರೆ ಹುಡುಗನಿಗೆ ನಿದ್ದೆಯೂ ಬೇಕು. ಆದರೆ ಮಗನ ತಲೆಯಲ್ಲಿ ದೋಷ ಹುಡುಕಬೇಡಿ. "ಯಾರೋ ಕರೆದರಂತೆ" ಎಂದು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು.

2013ರ ಮೇ 24, ಲಂಡನ್ನಿನ ಹೀಥ್ರೂ. ಬ್ರಿಟಿಷ್ ಏರ್‌ವೇಸ್‌ನ ಏರ್‌ಬಸ್ ಎ319 ಒಂದರ ಕತೆ ಕೇಳಿ. ಹಿಂದಿನ ರಾತ್ರಿ ಇಬ್ಬರು ತಂತ್ರಜ್ಞರು ಎಂಜಿನ್‌ಗಳ ಹೊರಬಾಗಿಲು ತೆರೆದು ಜನರೇಟರ್ ಎಣ್ಣೆ ನೋಡಿದರು. ಎಣ್ಣೆ ತುಂಬುವ ಸಲಕರಣೆ ಹತ್ತಿರ ಇರಲಿಲ್ಲ. ಆಮೇಲೆ ಬರೋಣ ಎಂದು ಚಿಲಕ ಹಾಕದೆ ಹೋದರು. ಬಂದರು ಕೂಡ. ಆದರೆ ಬಂದದ್ದು ಬೇರೊಂದು ವಿಮಾನದ ಹತ್ತಿರ! ಅಲ್ಲಿ ಚಿಲಕ ಹಾಕಿತ್ತು, ಎಣ್ಣೆ ಸರಿಯಿತ್ತು. ಬೇರೆ ಯಾರೋ ಮುಚ್ಚಿರಬೇಕು ಅಂದುಕೊಂಡರು. ಬೆಳಿಗ್ಗೆ ಆ ಮೊದಲಿನ ವಿಮಾನ ಮೇಲೇಳುವಾಗ ಎರಡೂ ಎಂಜಿನ್‌ಗಳ ಬಾಗಿಲು ಕಿತ್ತುಹೋದವು. ಒಂದು ಎಂಜಿನ್‌ಗೆ ಬೆಂಕಿ ಹತ್ತಿತು. ಒಳಗಿದ್ದ 80 ಜನ ಉಳಿದದ್ದು ಪುಣ್ಯ. ಆ ಇಬ್ಬರನ್ನು ಮರೆಗುಳಿಗಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ವಾಪಸ್ ಬರಬೇಕು ಎಂಬುದು ಅವರಿಗೆ ನೆನಪಿತ್ತು. ನೆನಪು ತಪ್ಪು ವಿಮಾನವನ್ನೇ ಸರಿ ಎಂದು ತೋರಿಸಿತು, ಅವರು ನಂಬಿದರು.

ಎಲ್ಲರಿಗೂ ಅಷ್ಟು ಪುಣ್ಯ ಇರುವುದಿಲ್ಲ. 1991ರ ಸೆಪ್ಟೆಂಬರ್ 11ರಂದು ಟೆಕ್ಸಾಸ್‌ನ ಈಗಲ್ ಲೇಕ್ ಹತ್ತಿರ ಸಣ್ಣ ವಿಮಾನವೊಂದು ಬಿತ್ತು. ಬಾಲದ ಎಡರೆಕ್ಕೆಯಲ್ಲಿ 47 ಸ್ಕ್ರೂ ಬಿಚ್ಚಿದ್ದರು. ಪಾಳಿ ಬದಲಾಯಿತು. ಮುಂದಿನವರಿಗೆ ಸುದ್ದಿ ಮುಟ್ಟಲಿಲ್ಲ. 14 ಜನರೂ ಸತ್ತರು.

ನಮ್ಮಜ್ಜಿ ಓದು ಬರಹ ಕಲಿತವಳಲ್ಲ. ಏನಾದರೂ ನೆನಪಿಡಬೇಕಾದರೆ ಸೆರಗಿನ ತುದಿಗೆ ಒಂದು ಗಂಟು ಹಾಕುತ್ತಿದ್ದಳು. ತಲೆಯ ಭಾರವನ್ನು ಬಟ್ಟೆಗೆ ಕೊಡುವ ಬುದ್ಧಿ ಅದು. 'ಹಾರುವ ಮುಂಚೆ ತೆಗೆಯಿರಿ' ಎಂದು ಬರೆದು ವಿಮಾನಕ್ಕೆ ಕಟ್ಟುವ ಕೆಂಪು ಪಟ್ಟಿಯೂ ಅದೇ ಗಂಟು. ಆ ಬುದ್ಧಿಗೆ ನಾವು ಬೆಲೆ ಕೊಡಲೇ ಇಲ್ಲ ಎಂಬುದು ನನ್ನ ಹಳೆಯ ಸಂಕಟ. ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿದವನೇ ಜಾಣ. ಚೀಟಿ ನೋಡಿ ಕೆಲಸ ಮಾಡುವವನನ್ನು ಕಂಡರೆ "ಇಷ್ಟೂ ಗೊತ್ತಿಲ್ವಾ?" ಎನ್ನುತ್ತೇವೆ. ಕಂಬ ಹತ್ತಿದ ಲೈನ್‌ಮನ್‌ಗೂ ಫೋನ್ ಮಾಡುತ್ತೇವೆ. ಕೈಯಲ್ಲಿ ಕೆಲಸವಿರುವವನನ್ನು ಕರೆಯಬಾರದು ಎಂಬ ಮರ್ಯಾದೆಯೇ ನಮಗಿಲ್ಲ.

ಮಗನಿಗೆ ಇಷ್ಟು ಹೇಳಿ. ಕರೆದರೆ ಕೈಯಲ್ಲಿರುವ ಹೆಜ್ಜೆ ಮುಗಿಸಿಯೇ ಹೋಗಲಿ. ಆಗದಿದ್ದರೆ ಕಣ್ಣಿಗೆ ಹೊಡೆಯುವಂತೆ ಕೆಂಪು ಚೀಟಿ ಕಟ್ಟಲಿ, ಎಲ್ಲಿ ನಿಲ್ಲಿಸಿದೆ ಎಂದು ಬರೆಯಲಿ. ವಾಪಸ್ ಬಂದಾಗ ಮೂರು ಹೆಜ್ಜೆ ಹಿಂದಿನಿಂದ ಶುರು ಮಾಡಲಿ. ಈ ಕೆಲಸದವರಿಗೆ ಹೇಳಿಕೊಡುವ ಪಾಠವೇ ಇದು.

ಬೈದಿದ್ದರೆ ಇವತ್ತೇ ಹತ್ತಿರ ಕೂರಿಸಿಕೊಂಡು ಮಾತಾಡಿ. ಮಾಡಿದ ತಪ್ಪನ್ನು ಮನೆಗೆ ಬಂದು ಅಪ್ಪನಿಗೆ ಹೇಳುವ ಮಗ ಎಷ್ಟು ಜನಕ್ಕಿದ್ದಾನೆ? ಹಾಗೆಯೇ, ಆ ಹೊತ್ತಿನಲ್ಲಿ ಅವನನ್ನು ಕರೆದವರು ಯಾರು, ಅಂಥ ಅವಸರ ಏನಿತ್ತು ಎಂದು ಕೇಳಿ ನನಗೆ ಬರೆಯಿರಿ.