4294967297 ಅವಿಭಾಜ್ಯವೇ?

500ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಿದೆ, ಒಂದೂ ಹೋಗಲಿಲ್ಲ, ಇನ್ನು ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ, ಉತ್ತರದ ಹತ್ತಿರವೇ ಇದ್ದೀರಿ! 641ರಿಂದ ಭಾಗಿಸಿ ನೋಡಿ: ಭಾಗಲಬ್ಧ 6700417, ಶೇಷ ಸೊನ್ನೆ.

ನಿಮ್ಮ ಸಂಖ್ಯೆ 2³² + 1. ಗಣಿತಜ್ಞ ಫರ್ಮಾ ಇದನ್ನು ಅವಿಭಾಜ್ಯವೆಂದೇ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು ಒಡೆದು ತೋರಿಸಿದರು.

ಭಾಗಾಕಾರ ಮಾಡದೆಯೂ ಇದು ಗೊತ್ತಾಗುತ್ತದೆ. ನನಗೆ ಬಹಳ ಇಷ್ಟವಾದ ದಾರಿ ಇದು, ಪೆನ್ನು ಹಿಡಿದು ಜೊತೆಗೇ ಬರೆಯುತ್ತಾ ಬನ್ನಿ. 641 = 5 × 128 + 1. ಅಂದರೆ 5 × 2⁷ ಅನ್ನು 641ರಿಂದ ಭಾಗಿಸಿದರೆ ಶೇಷ −1 ಎಂದು ಹಿಡಿಯಬಹುದು. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1. ಇನ್ನೊಂದು ಕಡೆ 641 = 625 + 16, ಅಂದರೆ 5⁴ + 2⁴. ಹಾಗಾಗಿ ಶೇಷದ ಲೆಕ್ಕದಲ್ಲಿ 5⁴ರ ಜಾಗಕ್ಕೆ −2⁴ ಹಾಕಬಹುದು. ಹಾಕಿದಾಗ −2³²ರ ಶೇಷ 1 ಆಗುತ್ತದೆ. ಅಲ್ಲಿಗೆ 2³² + 1 ಪೂರ್ತಿಯಾಗಿ ಭಾಗವಾಯಿತು. ಒಂದೇ 641 ಎರಡು ರೂಪದಲ್ಲಿ ಬಂದು ಕೆಲಸ ಮುಗಿಸುವುದನ್ನು ಎಷ್ಟು ಸಲ ನೋಡಿದರೂ ಖುಷಿಯಾಗುತ್ತದೆ.

ಮುಂದೆ ಹುಡುಕುವಾಗ ಶ್ರಮ ಉಳಿಸಲು ಒಂದು ಮಾತು. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದು 128ರ ಅಪವರ್ತ್ಯಕ್ಕಿಂತ 1 ಹೆಚ್ಚಿರಲೇಬೇಕು. 641ರವರೆಗೆ ಅಂಥವು ಎರಡೇ: 257 ಮತ್ತು 641. 6700417 ಸಹ ಅವಿಭಾಜ್ಯ. ಅದನ್ನು ಖಚಿತಪಡಿಸಿಕೊಳ್ಳಲು 257, 641, 769, 1153, 1409 ಈ ಐದರಿಂದ ಭಾಗಿಸಿ ನೋಡಿದರೆ ಸಾಕು.