ಮಾತು ನಿಂತವರಿಗೆ ಇಇಜಿ ಟೋಪಿ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಕಾರವಾರದಲ್ಲಿರುವ ಮಾವನವರಿಗೆ ಎಎಲ್‌ಎಸ್‌ನಿಂದ (ಸ್ನಾಯುಗಳನ್ನು ಆಡಿಸುವ ನರಗಳು ಸಾಯುವ ಕಾಯಿಲೆ) ಮಾತು ನಿಂತಿದೆ, ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ ಸಂಕೇತ ಹಿಡಿದು ಬರೆಯುವ ಇಇಜಿ ಟೋಪಿ ತರಿಸಲೇ ಎಂದು ಕೇಳಿದ್ದೀರಿ. ಕಣ್ಣು ಆಡುತ್ತಿದ್ದರೆ ಈಗಲೇ ಬೇಡ. ಇಂಥ ಬರವಣಿಗೆಗೆ ಸಂಶೋಧಕರಾದ ಫಾರ್ವೆಲ್ ಮತ್ತು ಡಾಂಚಿನ್ 1988ರಲ್ಲಿ ತೋರಿಸಿದ ವಿಧಾನದಲ್ಲಿ, ಪರದೆಯ ಮೇಲೆ ಅಕ್ಷರಗಳಿರುವ 36 ಚೌಕಗಳ ಅಡ್ಡಸಾಲು, ಕಂಬಸಾಲುಗಳು ಒಂದೊಂದಾಗಿ ಮಿನುಗುತ್ತವೆ. ಬೇಕಾದ ಅಕ್ಷರ ಮಿನುಗಿದ ಸುಮಾರು 300 ಮಿಲಿಸೆಕೆಂಡಿಗೆ ಮಿದುಳಿನ ಅಲೆ ಏರುತ್ತದೆ. ಆಗ ಬಂದದ್ದು ನಿಮಿಷಕ್ಕೆ ಎರಡು ಚಿಲ್ಲರೆ ಅಕ್ಷರ. ನಮ್ಮ ‘ಸ್ತ್ರೀ’ಯಂಥ ಒತ್ತಕ್ಷರಕ್ಕೆ ಇನ್ನೂ ಹೊತ್ತು.

ನಿಜವಾದ ಕಷ್ಟ ದಿನನಿತ್ಯದ್ದು. ಜೆಲ್ ಬಳಸುವ ಟೋಪಿಯಾದರೆ ಕೂದಲು ಬಿಡಿಸಿ, ನೆತ್ತಿಗೆ ತಾಗುವ ಒಂದೊಂದು ಎಲೆಕ್ಟ್ರೋಡಿಗೂ (ಸಂಕೇತ ಹಿಡಿಯುವ ಬಿಲ್ಲೆ) ಜೆಲ್ ಹಾಕಬೇಕು, ಆಮೇಲೆ ತಲೆ ತೊಳೆಸಬೇಕು. ಮೇ ತಿಂಗಳ ಕರಾವಳಿ ಸೆಕೆಗೆ ನೆತ್ತಿ ಬೆವೆತರೆ ಸಂಕೇತ ಏರುಪೇರಾಗುತ್ತದೆ. ಇದೆಲ್ಲ ನಿಮ್ಮ ಅತ್ತೆಯವರ ತಲೆಮೇಲೆ ಬೀಳುವ ಕೆಲಸ.

ಮೊದಲು ಕಣ್ಣಿನಿಂದ ಅಕ್ಷರ ತೋರಿಸುವ ಅಕ್ಷರಫಲಕ, ಆಮೇಲೆ ಕಣ್ಣಿನ ಚಲನೆ ಹಿಡಿಯುವ ಕ್ಯಾಮೆರಾ ನೋಡಿ. ಯಾವುದು ಹಿತವೆಂದು ಮಾವನವರನ್ನೇ ಕೇಳಿ. ‘ಹೌದು’ ಎನ್ನಲು ಒಮ್ಮೆ ರೆಪ್ಪೆ ಮುಚ್ಚಲಿ.